ಜೋಡಿ ಫೋಟೋದ ಕುಂಕುಮ

ಒಂದು ಸೀರೆ ಕೊಳ್ಳಲು ಜಹೀರಾಬಾದಿನ ಅಂಗಡಿಗಳನ್ನೆಲ್ಲ ಜಾಲಾಡಿ, ಕೊನೆಗೆ ಮೊದಲು ಹೊಕ್ಕ ಅಂಗಡಿಗೇ ಮರಳುವ ಹೆಂಗಸು ನಾನು. ಅಂಥವಳು ನಡುವಯಸ್ಸಿನಲ್ಲಿ ಕ್ಯಾಮೆರಾ ಹಿಡಿದರೆ ಏನಾಗಬೇಕೋ ಅದೇ ಆಯಿತು. ಫೋಟೋ ತೆಗೆಯುವುದು ಹೇಗೋ ಕೈಗೆ ಹತ್ತಿತು. ತೆಗೆದದ್ದನ್ನು ತಿದ್ದಲು ಯಾವುದನ್ನು ಕೊಳ್ಳಬೇಕು ಎನ್ನುವಲ್ಲಿ ಸಿಕ್ಕಿಬಿದ್ದೆ.

ಒಂದು ಕಡೆ ದೊಡ್ಡ ಸಾಫ್ಟ್‌ವೇರ್. ಅದರಲ್ಲಿ ಎಲ್ಲವನ್ನೂ ನಾವೇ ಮಾಡಬೇಕು. ಅದರ ಜೀವ ಇರುವುದು ಲೇಯರ್‌ಗಳಲ್ಲಿ. ಲೇಯರ್ ಎಂದರೆ ಚಿತ್ರದ ಮೇಲೆ ಹಾಸಿದ ಗಾಜಿನ ಹಾಳೆ ಇದ್ದಂತೆ. ಅದರ ಮೇಲೆ ಏನು ಬಳಿದರೂ ಕೆಳಗಿನ ಚಿತ್ರ ಹಾಗೇ ಉಳಿಯುತ್ತದೆ. ಇನ್ನೊಂದು ಕಡೆ ಪ್ಲಗಿನ್. ಗುಂಡಿ ಒತ್ತಿದರೆ ಸಾಕು, ಮುಖ ತೊಳೆದು, ಬಣ್ಣ ಹಚ್ಚಿ, ಹಳೆಯದನ್ನು ಹೊಸದು ಮಾಡಿ ಕೈಗಿಡುತ್ತದೆ. ಎರಡನ್ನೂ ಕೆಲವು ದಿನ ಪುಕ್ಕಟೆ ಬಳಸಿ ನೋಡಬಹುದಿತ್ತು, ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ತಾಂಡೂರಿನಲ್ಲಿ ನಮ್ಮ ಓಣಿಯ ಸ್ಟುಡಿಯೋದವರನ್ನು ಕೇಳಿದೆ.

“ಪ್ಲಗಿನ್ ತಗೋರಿ ಮೇಡಮ್. ಲೇಯರ್ ಗೀಯರ್ ಅಂತ ಕುಂತ್ರ ಮದುವಿ ಆಲ್ಬಮ್ ಕೊಡೋದ್ರಾಗ ಅವರಿಗೆ ಮಕ್ಕಳಾಗಿರ್ತಾವ” ಅಂದರು.

ಮಾತು ಸರಿಯೇ ಅನ್ನಿಸಿತು. ಪ್ಲಗಿನ್ ಕೊಳ್ಳುವುದು ಬಹುಮಟ್ಟಿಗೆ ನಿಕ್ಕಿಯಾಗಿತ್ತು. ಅಷ್ಟರಲ್ಲಿ ನಾರಾಯಣಖೇಡದಿಂದ ದೊಡ್ಡವ್ವನ ಫೋನ್ ಬಂತು.

ದೊಡ್ಡವ್ವ ನಮ್ಮವ್ವನ ಅಕ್ಕ. ಮಕ್ಕಳು ಚಿಕ್ಕವರಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ದೊಡ್ಡಪ್ಪನದು ಅಂತ ಇದ್ದದ್ದು ಒಂದೇ ಫೋಟೋ, ಕಂಗ್ಟಿಯ ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿಟ್ಟದ್ದು. ನಮ್ಮ ಕಡೆ ಜೋಡಿ ಫೋಟೋ ಅಂತ ಒಂದು ರೂಢಿ ಇದೆ. ಗಂಡ ತೀರಿಕೊಂಡು ಎಷ್ಟು ವರ್ಷವಾಗಿದ್ದರೂ ಸರಿ, ಅವನ ಹಳೆಯ ಫೋಟೋವನ್ನೂ ಹೆಂಡತಿಯ ಈಗಿನ ಫೋಟೋವನ್ನೂ ಸ್ಟುಡಿಯೋದಲ್ಲಿ ಕೂಡಿಸಿ, ಇಬ್ಬರೂ ಪಕ್ಕಪಕ್ಕ ಕುಳಿತಂತೆ ಮಾಡಿ ಪಡಸಾಲೆಯಲ್ಲಿ ಹಾಕುತ್ತಾರೆ. ದೊಡ್ಡವ್ವನ ಪಡಸಾಲೆಯಲ್ಲಿ ದೊಡ್ಡಪ್ಪ ಒಬ್ಬರೇ ಇದ್ದರು.

“ಸ್ಟುಡಿಯೋಕ್ಕ ಹೋಗಾಕ ನಾಚಿಕಿ ಬರ್ತದ ತಂಗಿ. ನೀನೇ ಮಾಡಿ ಕೊಡು. ಹೋಗೋದ್ರಾಗ ಒಮ್ಮೆ ಅವರ ಬಾಜೂ ಕುಂದ್ರಬೇಕು ನಾ” ಅಂದಳು.

ಅಷ್ಟು ನೇರವಾಗಿ ಏನನ್ನೂ ಬೇಡಿದವಳಲ್ಲ ಅವಳು. ಮುಂದಿನ ಭಾನುವಾರ ಹೋಗಿ ಅವಳ ಫೋಟೋ ತೆಗೆದು, ದೊಡ್ಡಪ್ಪನದನ್ನೂ ತಂದು, ಎರಡನ್ನೂ ಪ್ಲಗಿನ್ನಿಗೆ ಕೊಟ್ಟೆ. ಟೀ ಆರುವುದರೊಳಗೆ ಜೋಡಿ ಸಿದ್ಧವಾಯಿತು. ಇಬ್ಬರ ಮುಖವೂ ಫಳಫಳ ಅನ್ನುತ್ತಿತ್ತು. ಹೆಮ್ಮೆಯಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಮತ್ತೆ ನಾರಾಯಣಖೇಡದ ಬಸ್ಸು ಹತ್ತಿದೆ.

ದೊಡ್ಡವ್ವ ಕನ್ನಡಕ ಏರಿಸಿ ನೋಡಿದಳು. “ಇವರ್ಯಾರ ತಂಗಿ? ಛಂದ ಅದಾರ, ಖರೆ. ಆದ್ರ ನಿಮ್ಮ ದೊಡ್ಡಪ್ಪ ಅಲ್ಲ.”

ದೊಡ್ಡಪ್ಪನ ಹುಬ್ಬಿನ ಮೇಲಿನ ಗಾಯದ ಕಲೆ ಮಾಯವಾಗಿತ್ತು. ತುಸು ಓರೆಯಾಗಿದ್ದ ಮೂಗು ನೆಟ್ಟಗಾಗಿತ್ತು. ಅವಳು ತನ್ನ ಮುಖದ ಕಡೆ ಬೆರಳು ಮಾಡಿದಳು. “ನನ್ನ ಇಬತ್ತಿ ಎಲ್ಲಿ ಹೋತು?”

ನಿತ್ಯ ಲಿಂಗಪೂಜೆ ಮಾಡಿ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದುಕೊಳ್ಳುವವಳು ಅವಳು. ಪ್ಲಗಿನ್ ಅದನ್ನು ಚರ್ಮದ ಕಲೆ ಅಂತ ತಿಳಿದು ಸುಕ್ಕುಗಳ ಜೊತೆ ಒರೆಸಿಹಾಕಿತ್ತು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅಲ್ಲೇ ಕುಳಿತು ದೊಡ್ಡ ಸಾಫ್ಟ್‌ವೇರ್ ತೆರೆದು ಮೊದಲಿನಿಂದ ಶುರು ಮಾಡಿದೆ. ದೊಡ್ಡಪ್ಪನನ್ನು ಒಂದು ಲೇಯರಿನಲ್ಲಿ, ದೊಡ್ಡವ್ವನನ್ನು ಇನ್ನೊಂದರಲ್ಲಿ ಇಟ್ಟು ಅಂಚು ಕೂಡಿಸತೊಡಗಿದೆ. ಕಲೆ ಇತ್ತು, ಓರೆ ಮೂಗಿತ್ತು, ವಿಭೂತಿ ಇತ್ತು. ಮೂವತ್ತರ ಗಂಡನ ಪಕ್ಕ ಎಪ್ಪತ್ತರ ಹೆಂಡತಿ.

“ಅವರ ತಾಯಿ ಕಂಡಂಗ ಕಾಣ್ತೀನಿ” ಅಂತ ಬಾಯಿಗೆ ಸೆರಗು ಹಿಡಿದು ನಕ್ಕಳು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡವ್ವ ಒಮ್ಮೆ ಅತ್ತ ನೋಡಿ, ದನಿ ತಗ್ಗಿಸಿ ಕೇಳಿದಳು: “ಜೋಡಿ ಫೋಟೋದಾಗ ಕುಂಕುಮ ಹಚ್ಚತಾರಂತಲ್ಲ. ಗಂಡ ಬಾಜೂಕ ಇರ್ತಾನಂತ. ಹಚ್ಚಾಕ ಬರ್ತದೇನು?”

ಹೌದು, ಹಚ್ಚುತ್ತಾರೆ. ಅದೂ ರೂಢಿಯೇ. ನಾನೇ ಕೇಳಬೇಕಿತ್ತು, ಹೊಳೆದಿರಲಿಲ್ಲ. ಬೆಳಿಗ್ಗೆ ಅವಸರದಲ್ಲಿ ಹಣೆಗೆ ಟಿಕಳಿ ಅಂಟಿಸಿಕೊಂಡು ಬಸ್ಸಿಗೆ ಓಡುವವಳಿಗೆ ಕುಂಕುಮದ ಚಿಂತೆ ಎಲ್ಲಿಂದ ಬರಬೇಕು?

ಹೊಸ ಲೇಯರ್ ಹಾಸಿ, ಕೆಂಪು ಆರಿಸಿ, ವಿಭೂತಿಯ ಕೆಳಗೆ ದುಂಡಗೆ ಬಳಿದೆ.

“ಇದು ಟಿಕಳಿ ಆತು” ಅಂದಳು. “ಬೆರಳಲೆ ಹಚ್ಚಿದಂಗ ಇರಬೇಕು.”

ಅಂಚನ್ನು ಒರಟು ಮಾಡಿದೆ. ಮೂಗಿನ ಮೇಲೆ ಒಂದಿಷ್ಟು ಉದುರಿದಂತೆಯೂ ಮಾಡಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಇಷ್ಟವಾಗಲಿಲ್ಲವೇನೋ ಅಂದುಕೊಂಡು, “ಬ್ಯಾಡಾದ್ರ ತಗೀಬಹುದು ದೊಡ್ಡವ್ವ” ಎಂದು ಲೇಯರಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ತೋರಿಸಿದೆ. ಅದನ್ನು ಒತ್ತಿದರೆ ಲೇಯರ್ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ಮೌಸ್ ಕೊಡು ಅಂದಳು. ಕಣ್ಣಿನ ಗುರುತು ಒತ್ತಿದಳು. ಕುಂಕುಮ ಹೋಯಿತು. ಒತ್ತಿದಳು. ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಹೊಸ ಆಟ ಸಿಕ್ಕಿದೆ ಮುದುಕಿಗೆ ಅಂತ ಛೇಡಿಸಲು ಬಾಯಿ ತೆರೆದಿದ್ದೆ.

“ಅವತ್ತು ಒರಸಿದವರು ನನ್ನ ಕೇಳಿದ್ದಿಲ್ಲ” ಅಂದಳು.

ದನಿಯಲ್ಲಿ ಅಳುವಿರಲಿಲ್ಲ. ಅಳು ಬಂದದ್ದು ನನಗೆ. ಜೊತೆಗೆ ಸಿಟ್ಟು, ಯಾರ ಮೇಲೆ ಮಾಡಿಕೊಳ್ಳಲಿ, ಒರೆಸಿದವರೆಲ್ಲ ನಮ್ಮ ಮನೆಯ ಹೆಂಗಸರೇ, ಒಬ್ಬರೂ ಈಗ ಇಲ್ಲ. ದೊಡ್ಡವ್ವ ಇನ್ನೊಮ್ಮೆ ಒತ್ತಿ, ಕುಂಕುಮ ಕಾಣಿಸಿದಾಗ ಮೌಸಿನಿಂದ ಕೈ ತೆಗೆದಳು. “ಹಿಂಗ ಇರಲಿ.”

“ಸೊಸಿ ಏನಂತಾಳ?” ಎಂದೆ.

“ಅಂದ್ರ ಅನ್ನಲಿ.”

ನಾನು ಕೊಂಡದ್ದು ದೊಡ್ಡ ಸಾಫ್ಟ್‌ವೇರನ್ನೇ. ಸ್ಟುಡಿಯೋದವರು ಈಗಲೂ ನಗುತ್ತಾರೆ, ನಗಲಿ. ಯಾವ ಕೆಲಸ ಮಾಡಿದರೂ ಲೇಯರ್‌ಗಳನ್ನು ಬೇರೆಬೇರೆಯಾಗಿಯೇ ಉಳಿಸುತ್ತೇನೆ. ನನ್ನಂಥ ಅನುಮಾನದವಳಿಗೆ ನಾಳೆ ಮನಸ್ಸು ಬದಲಾದರೆ ಹಿಂದಕ್ಕೆ ಹೋಗುವ ದಾರಿ ಬೇಕು. ಆದರೆ ಅವತ್ತು ದೊಡ್ಡವ್ವನ ಎದುರಿಗೇ ಎಲ್ಲ ಲೇಯರ್‌ಗಳನ್ನು ಕೂಡಿಸಿ ಒಂದೇ ಚಿತ್ರ ಮಾಡುವ ಗುಂಡಿ ಒತ್ತಿದೆ. ಪಕ್ಕದಲ್ಲಿದ್ದ ಕಣ್ಣಿನ ಗುರುತುಗಳೆಲ್ಲ ಅಳಿಸಿಹೋಗಿ ಒಂದೇ ಉಳಿಯಿತು.

“ಏನ್ ಮಾಡಿದಿ?” ಅಂತ ಕೇಳಿದಳು.

“ಇನ್ನ ಅದನ್ನ ಯಾರಿಗೂ ಒರಸಾಕ ಬರಂಗಿಲ್ಲ ದೊಡ್ಡವ್ವ. ನನಗೂ ಬರಂಗಿಲ್ಲ.”