ಚೌಡಿಗೆ ಇಟ್ಟ ಬದನೆಹಣ್ಣು

ಮೂಡಿಗೆರೆ ಕಡೆಯ ಆ ಕಾಫಿ ಎಸ್ಟೇಟಿನಲ್ಲಿ ಸಿದ್ದಮ್ಮ ಬದನೆ ಕಾಯುವವಳು. ಸೊಂಟ ಹಿಡಿದು ಕಾಫಿ ಕೊಯ್ಲಿಗೆ ಆಗದವಳಿಗೆ ಅದೊಂದೇ ಕೆಲಸ. ಕೆಲಸ ಹೋದರೆ ಎಸ್ಟೇಟಿನವರು ಕೂಲಿಗಳಿಗೆ ಕೊಟ್ಟ ಲೈನಿನ ಮನೆಯೂ ಹೋಯಿತು.

ನಲವತ್ತೊಂದನೇ ಇಸವಿ. ಊರಿನ ಬದನೆಯೆಲ್ಲ ಸೊರಗುರೋಗಕ್ಕೆ ನಿಂತಲ್ಲೇ ಬಾಡುತ್ತಿತ್ತು. ಕಾಡುಬದನೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮೈಸೂರಿನಲ್ಲಿ ಓದಿ ಬಂದ ಓಂಕಾರಮೂರ್ತಿ, ಎಸ್ಟೇಟಿನ ಸಾಹುಕಾರರು ಬಿಟ್ಟುಕೊಟ್ಟ ಶೆಡ್ಡಿನಲ್ಲಿ ಕೂತು, ಎರಡರ ಬೇರಿನ ತುದಿಯನ್ನೂ ಬಣ್ಣದಲ್ಲಿ ನೆನೆಸಿ, ಗಾಜಿನ ಮೇಲೆ ಅಪ್ಪಚ್ಚಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ಎರಡ್ರಲ್ಲೂ ಇಪ್ಪತ್ನಾಲ್ಕೇ ವರ್ಣತಂತು, ಸಿದ್ದಮ್ಮ. ಉದ್ದಗಿಡ್ಡವೂ ಹೆಚ್ಚುಕಮ್ಮಿ ಒಂದೇ. ಸಂಬಂಧ ಕೂಡ್ಬೋದು."

ಊರಬದನೆಯ ನಲವತ್ತು ಹೂವಿಗೆ ಕಾಡುಬದನೆಯ ಪರಾಗ ಮುಟ್ಟಿಸಿದರು. ಕಚ್ಚಿದ್ದು ಒಂದೇ ಕಾಯಿ. ಅವರು ಒಂದು ವಾರ ಮೈಸೂರಿಗೆ ಹೋದಾಗ ಅದು ಹಣ್ಣಾಗಿ ಹಳದಿಗೆ ತಿರುಗಿತು. ಹೊಸ ಗಿಡದ ಮೊದಲ ಫಲ ಕಾಡು ಕಾಯುವ ತಾಯಿ ಚೌಡಿಯದು. ಹುಟ್ಟಿದಂದಿನಿಂದ ಸಿದ್ದಮ್ಮನ ಕೈ ಹಾಗೇ ನಡೆದಿದೆ. ಮುಂದೆ ಇನ್ನೂ ಬಿಡುತ್ತದಲ್ಲ ಎಂದುಕೊಂಡು ಕಿತ್ತು, ಕಾಡಂಚಿನ ಚೌಡಿಕಲ್ಲಿನ ಮುಂದಿಟ್ಟು ಕೈಮುಗಿದು ಬಂದಳು.

ಮರುದಿನವೇ ಓಂಕಾರಮೂರ್ತಿ ಬಂದರು. "ಹಣ್ಣೆಲ್ಲಿ? ಬೀಜ ಕೊಡದಿದ್ರೆ ಶೆಡ್ಡಿಗೆ ಬೀಗ ಅಂದಿದ್ದಾರೆ ಸಾಹುಕಾರ್ರು."

ಸಿದ್ದಮ್ಮ ಕಾಡಂಚಿನ ಕಡೆ ಕೈ ತೋರಿಸಿದಳು. ಸುಳ್ಳು ಹೇಳಲಿಲ್ಲ, ಚೌಡಿಗೆ ಇಟ್ಟೆ ಎಂದಳು.

ಇಬ್ಬರೂ ಕಲ್ಲಿನ ಹತ್ತಿರ ಓಡಿದರು. ಹಣ್ಣು ಅಲ್ಲೇ ಇತ್ತು, ಇರುವೆ ಮುತ್ತಿತ್ತು. ಓಂಕಾರಮೂರ್ತಿ ಬೂಟು ಬಿಚ್ಚಿ ಕೈ ಚಾಚಿದವರು ಹಿಂದೆಳೆದುಕೊಂಡರು. ಇಪ್ಪತ್ನಾಲ್ಕು ವರ್ಣತಂತು ಎಣಿಸಿದ ಮಹಾನುಭಾವರ ಹಣೆಯಲ್ಲಿ ಬೆವರು!

"ನೀವೇ ತೆಗೀರಿ, ಸಿದ್ದಮ್ಮ."

ಚೌಡಿಗೆ ಕೊಟ್ಟದ್ದನ್ನು ವಾಪಸು ತೆಗೆದವರ ಬೆರಳು ಉದುರುತ್ತದೆ ಎಂದು ಅವಳ ಅಜ್ಜಿ ಹೇಳಿದ್ದಳು. ಅವಳಿಗೆ ಅಳು ಬಂತು. ಬೀದಿಪಾಲಾಗುವ ಭಯವೋ, ಬೆರಳಿನ ಭಯವೋ? ಕಣ್ಣುಮುಚ್ಚಿ ಹಣ್ಣು ಸೀಳಿದಳು. "ತಿರುಳು ನಿಂಗೆ, ತಾಯಿ. ಬೀಜ ಊರಿಗೆ. ಸಿಟ್ಟಿದ್ರೆ ನನ್ ಮೇಲೆ ತೀರಿಸ್ಕೋ, ಗಿಡದ್ ಮೇಲೆ ಬೇಡ."

ಒಂಬತ್ತು ಬೀಜ ಮೊಳೆತವು. ಓಂಕಾರಮೂರ್ತಿ ಅವುಗಳ ಬೇರನ್ನೂ ನೋಡಿದರು. "ಇಪ್ಪತ್ನಾಲ್ಕು! ಸರಿಯಾಗಿದೆ!" ಎಂದು ಶೆಡ್ಡಿನೊಳಗಿಂದ ಕೂಗಿದರು.

ಹೊರಗೆ ಸಸಿಗೆ ನೀರು ಹಾಕುತ್ತಿದ್ದ ಸಿದ್ದಮ್ಮ ತಂಬಿಗೆ ಕೆಳಗಿಟ್ಟು, ಅವತ್ತಿಗೆ ಮೂರನೇ ಸಲ ತನ್ನ ಬೆರಳು ಎಣಿಸಿದಳು. ಹತ್ತು ಇದ್ದವು. ನಾಳೆಯ ಮಾತು ಯಾರು ಕಂಡರು!