ಉಗುರುಬಣ್ಣದ ಗೆರೆ

ಹೊಸಿಲು ಸಾರಿಸಿ, ಹಾಲು ಕಾಯಲಿಟ್ಟು, ರೊಟ್ಟಿಗೆ ಹಿಟ್ಟು ತೆಗೆದುಕೊಂಡೆ. ಇಬ್ಬರಿಗಾಗುವಷ್ಟು ಬಂದುಬಿಟ್ಟಿತ್ತು. ಅರ್ಧವನ್ನು ಡಬ್ಬಕ್ಕೆ ವಾಪಸು ಸುರಿದೆ. ಆಮೇಲೆ ಹಿತ್ತಲ ಗೋಡೆಗೆ ಒರಗಿದ್ದ ಗೇರ್ ಸೈಕಲ್ಲಿನ ಧೂಳು ಒರೆಸಿ, ತಳ್ಳಿಕೊಂಡು ಶಿಕಾರಿಪುರದ ಪೇಟೆಗೆ ಹೊರಟೆ.

ಅದು ನನ್ನ ಯಜಮಾನರದು. ಹೊಟ್ಟೆ ಕರಗಿಸಬೇಕೆಂದು, ಯಾರೋ ಓಡಿಸಿ ಬಿಟ್ಟದ್ದನ್ನು ಅಗ್ಗಕ್ಕೆ ತಂದಿದ್ದರು. ಪಕ್ಕದ ಮನೆಯ ಮಕ್ಕಳು ಸೀಟು ಇಳಿಸಿ ಆಡುತ್ತಾರೆಂದು, ತಮ್ಮ ಎತ್ತರದ ಗುರುತಿಗೆ ಸೀಟಿನ ಕಂಬಿಯ ಮೇಲೆ ನನ್ನ ಕೆಂಪು ಉಗುರುಬಣ್ಣದಿಂದ ಗೆರೆ ಎಳೆದಿದ್ದರು. ಕಳೆದ ಬೇಸಿಗೆಯಲ್ಲಿ ಸೊರಬಕ್ಕೆ ವರ್ಗವಾಯಿತೆಂದು ಹೋದರು. ಅಲ್ಲಿ ಇನ್ನೊಬ್ಬಾಕೆಯೊಂದಿಗೆ ಮನೆ ಮಾಡಿದ್ದಾರೆ. ಇನ್ನು ಬರುವುದಿಲ್ಲವೆಂದು ಅವರೇ ಫೋನಿನಲ್ಲಿ ಹೇಳಿದರು. ಕೇರಿಯಲ್ಲಿ ಯಾರಿಗೂ ನಾನು ಹೇಳಿಲ್ಲ. ಕೇಳಿದವರಿಗೆ, "ರಜಾ ಸಿಕ್ಕಿಲ್ಲ" ಎನ್ನುತ್ತೇನೆ.

ಈಗ ಈಸೂರು ದಾರಿಯ ಚಿಕ್ಕಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಮಳೆಯಿರಲಿ, ಬಿಸಿಲಿರಲಿ, ಹೋಗಲೇಬೇಕು.

ಸೈಕಲ್ ಅಂಗಡಿಯವನು ಒಂದು ಸುತ್ತು ಬಂದು ನಕ್ಕ. "ಏನ್ರಿ ಅಕ್ಕಾರೆ, ಇದಕ್ಕೆ ಮಡ್‌ಗಾರ್ಡೂ ಇಲ್ಲ, ಸ್ಟ್ಯಾಂಡೂ ಇಲ್ಲ. ಮಳಿಗಾಲದಾಗೆ ಬೆನ್ನ ತುಂಬ ಕೆಸರು ಹೊಡಸ್ಕಂಡು ಪಾಠ ಹೇಳ್ತೀರೇನು?"

ಎರಡೂ ಹಾಕಿಸಿದೆ. ಊಟದ ಡಬ್ಬಿಗೆ ಕ್ಯಾರಿಯರ್, ಮುಂದೆ ಲೈಟು. ಮುಳ್ಳುಮುಳ್ಳಾದ ಟೈರು ತೆಗೆಸಿ ನುಣ್ಣನೆಯದು. ಚೈನಿಗೆ ನಾನೇ ಕೊಬ್ಬರಿ ಎಣ್ಣೆ ಹಚ್ಚಿ ತಂದಿದ್ದೆ. "ತಲಿಗೆ ಹಚ್ಚೋದನ್ನ ಇದಕ್ಕೆ ಹಚ್ಚೀರಲ್ರಿ! ಊರ ಧೂಳೆಲ್ಲ ಇಲ್ಲೇ ಕೂತೈತಿ," ಎಂದು ಬೈಸಿಕೊಂಡೆ.

ಕೊನೆಗೆ ಉಳಿದದ್ದು ಸೀಟು. ಕೂತರೆ ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ.

"ಪೂರ್ತಿ ಇಳಿಸ್ಲೇನ್ರಿ? ಸಾಹೇಬ್ರು ಇನ್ನ ಸೈಕಲ್ ಹೊಡೆಯಂಗಿಲ್ಲೇನು?"

"ಇಳಿಸಿ," ಎಂದೆ.

ಅವನು ಕಂಬಿಯನ್ನು ಹೊರಗೆಳೆದು ಗ್ರೀಸಿನ ಡಬ್ಬಿಗೆ ಬೆರಳದ್ದಿದ. "ಇದು ಹಚ್ಲಿಲ್ಲಾಂದ್ರೆ ಮಳಿಗೆ ತುಕ್ಕು ಹಿಡಿದು ಅಲ್ಲೇ ಕಚ್ಕಂತೈತಿ. ಮತ್ತೆ ಏರಿಸ್ಬೇಕಂದ್ರೆ ಬರಂಗಿಲ್ಲ."

ಏರಿಸುವುದೇನೂ ಇಲ್ಲ ಎನ್ನಬೇಕಿತ್ತು. ಕೆಂಪು ಗೆರೆ ಗ್ರೀಸಿನಡಿ ಮಂಕಾಗಿ, ಮೆಲ್ಲಗೆ ಒಳಗಿಳಿದು ಕಾಣದಾಯಿತು.

ಚಿಕ್ಕಂದಿನಲ್ಲಿ ಕಾನ್ವೆಂಟಿನ ಮೈದಾನದಲ್ಲಿ ಸಿಸ್ಟರ್ ಒಬ್ಬರು ಹಿಂದಿನಿಂದ ಹಿಡಿದುಕೊಂಡು ಕಲಿಸಿದ್ದು ಕಾಲಿಗೆ ಇನ್ನೂ ನೆನಪಿತ್ತು. ಬೀಳದೆ ಮನೆ ಸೇರಿದೆ.

ಸಂಜೆ ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತ ಬೇಲಿಯಾಚೆಯಿಂದ ಇಣುಕಿದರು. "ಅಯ್ಯ, ಹೊಸಾದ್ರಂಗೇ ಆಗೈತಲ್ರೀ!" ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪು ತೆಗೆದು, ಒಳಗೆ ಹೊರಟವರು ಮತ್ತೆ ಅಂದರು: "ಸೀಟ್ ಯಾಕಿಷ್ಟು ಇಳ್ಸೀರಿ? ರಜಾ ಸಿಕ್ಕು ಅವ್ರು ಬಂದು ಕೂತ್ರೆ, ಮೊಣಕಾಲು ಗದ್ದಕ್ಕೆ ಬಡೀತಾವ್ ನೋಡ್ರಿ."