ರೊಟ್ಟಿ ನಿಲ್ಲುವಷ್ಟು ಬಾಯಿ

ಅವ್ವ ಒಲೆಯ ಬಾಯಿಯನ್ನು ಒಡೆದಳು. ಯಾವುದರಿಂದ ಒಡೆದಳು ಎಂಬುದರಲ್ಲಿ ನನಗೂ ತಂಗಿಗೂ ಇಂದಿಗೂ ಹೊಂದುವುದಿಲ್ಲ. ಸುತ್ತಿಗೆ ಎನ್ನುತ್ತಾಳೆ ಅವಳು. ನನಗೆ ಕಾಣುವುದು ಖಾರ ಅರೆಯುವ ಗುಂಡುಕಲ್ಲು. ಮಳೆ ಬರುತ್ತಿತ್ತು ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಹೊಸ್ತಿಲ ಮೇಲೆ ಬಿಸಿಲಿದೆ. ಎರಡನ್ನೂ ಹೊಲಿದು ಒಪ್ಪವಾದ ಒಂದು ದಿನವನ್ನು ತಯಾರಿಸುವ ಇಚ್ಛೆ ನನಗಿಲ್ಲ. ಒಡೆದದ್ದು ನಿಜ. ಅದು ಸರಕಾರದ ಒಲೆ ಎಂಬುದೂ, ಅದರ ನಕ್ಷೆಗೆ ಮಸಿ ಹಾಕಿದವಳು ನಾನೇ ಎಂಬುದೂ ನಿಜ.

ಎಂಬತ್ತರ ದಶಕದ ಮೊದಲ ವರ್ಷಗಳು. ಮರಾಠಿ ಸೀಮೆಯ ಪಿಂಪ್ರಿಯಲ್ಲಿ, ಕಾರ್ಖಾನೆಗಳ ಹಿಂದಿನ ಬಾಡಿಗೆ ಕೋಣೆಗಳ ಒಂದು ಚಾಳಿನಲ್ಲಿ, ನೆಲಮಟ್ಟದ ಎರಡು ಖೋಲಿಗಳಲ್ಲಿ ಅವ್ವ ಖಾನಾವಳಿ ನಡೆಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದ್ದು ಅದೇ. ಬಿಜಾಪುರ, ಗುಲಬರ್ಗಾ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೂ ಕಾರ್ಖಾನೆಗೂ ಬಂದವರು ಮುಂಜಾನೆಯ ಪಾಳಿಗೆ ಮೊದಲು ಬಂದು ಉಂಡು, ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಷ್ಟು ಜನರ ಅಡಿಗೆಗೆ ರೇಷನ್ನಿನ ಸೀಮೆಎಣ್ಣೆ ಯಾವ ಮೂಲೆಗೂ ಸಾಲದು. ಉರಿಯುತ್ತಿದ್ದದ್ದು ಜಾಲಿ ಕಟ್ಟಿಗೆ, ಕಾರ್ಖಾನೆಯವರು ಬಿಸಾಕಿದ ಪೆಟ್ಟಿಗೆಯ ಹಲಗೆ. ಹೊಗೆ ನೇರ ಮೇಲಿನ ಮಹಡಿಗೆ ಏರುತ್ತಿತ್ತು. ಮೇಲಿದ್ದವನು ಚಾಳಿನ ಮಾಲಕ. ಅವನ ಮನೆಯಲ್ಲಿ ಬಾಣಂತಿ ಇದ್ದಳು. ಒಂದು ದಿನ ಅವನು ಇಳಿದುಬಂದು ಮರಾಠಿಯಲ್ಲಿ, ಸಿಟ್ಟಿಲ್ಲದೆ, ದೀಪಾವಳಿಯ ಹೊತ್ತಿಗೆ ಹೊಗೆ ನಿಲ್ಲಬೇಕು, ಇಲ್ಲವೇ ಖಾನಾವಳಿ ನಿಲ್ಲಬೇಕು ಎಂದು ಹೇಳಿಹೋದ. ಸಿಟ್ಟಿಲ್ಲದೆ ಹೇಳಿದ್ದೇ ಅವ್ವನನ್ನು ಹೆದರಿಸಿತು.

ನಾನು ಆಗ ಪಿಂಪ್ರಿಯಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ದೂರದ ಶಿವಾಜಿನಗರದ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಟ್ರೇಸರ್ ಆಗಿದ್ದೆ. ಅಲ್ಲಿನ ಇಂಜಿನಿಯರ್ ಸಾಹೇಬರು ಪೆನ್ಸಿಲಿನಲ್ಲಿ ಗೀರಿದ್ದನ್ನು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಎಳೆಯುವುದು ನನ್ನ ಕೆಲಸ. ಅಲ್ಲಿ ಸರಕಾರದ ಯೋಜನೆಯೊಂದಕ್ಕೆ, ದೆಹಲಿಯ ದುಡ್ಡಿನಲ್ಲಿ, ಹೊಗೆಯಿಲ್ಲದ ಒಲೆ ತಯಾರಾಗುತ್ತಿತ್ತು. ಒಲೆಗಳು ಹೀಗೇ ಉರಿದರೆ ಕಾಡು ಉಳಿಯುವುದಿಲ್ಲ, ಹೆಣ್ಣುಮಕ್ಕಳ ಎದೆಯೂ ಉಳಿಯುವುದಿಲ್ಲ ಎಂದು ಸಾಹೇಬರು ನಿಜವಾಗಿ ನಂಬಿದ್ದರು. ಅವರನ್ನು ಖಳನಾಯಕ ಮಾಡಿದರೆ ನನ್ನ ಕತೆ ಸಲೀಸಾಗುತ್ತದೆ. ಆದರೆ ಅವರು ಹಾಗಿರಲಿಲ್ಲ. ಮಣ್ಣು ಸಿಮೆಂಟಿನ ಒಲೆ, ಮೇಲೆ ಪಾತ್ರೆ ಇಡಲು ಎರಡು ಕಣ್ಣು, ಹಿಂದೆ ಗೋಡೆ ದಾಟಿ ಹೋಗುವ ಚಿಮಣಿ, ಮುಂದೆ ಒಂದು ಗೇಣಿಗಿಂತ ಸಣ್ಣ ಬಾಯಿ. ಬಾಯಿ ಸಣ್ಣದಾದಷ್ಟು ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟು ಕಟ್ಟಿಗೆ ಕಡಿಮೆ. ತಾಸುಗಟ್ಟಲೆ ಬೆಂಕಿ ಉರಿಯುವ ಒಂದು ಅಡಿಗೆಮನೆ ಅವರ ಪರೀಕ್ಷೆಗೆ ಬೇಕಿತ್ತು. ನಮ್ಮದಿದೆ ಎಂದು ನಾನೇ ಮುಂದೆ ಬಿದ್ದು ಹೇಳಿದೆ.

ಒಲೆ ಕೂತಿತು. ಹೊಗೆ ಹೋಯಿತು. ಮಾಲಕ ಇಳಿದುಬಂದು ಚಿಮಣಿಯ ಕೊಳವೆ ಮುಟ್ಟಿ ನೋಡಿ ತಲೆಯಾಡಿಸಿದ. ನಾಲ್ಕೈದು ದಿನಕ್ಕೆ ತಾಟುಗಳಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿತು. ಜೇವರ್ಗಿ ಕಡೆಯ ಗೌಂಡಿಯೊಬ್ಬ ಬಟ್ಟೆಯಂತೆ ಜೋತುಬಿದ್ದ ಅರೆಬೆಂದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಅಕ್ಕಾ, ಇದು ತಿನ್ನೂದೇನು, ಮೊಣಕಾಲಿಗೆ ಕಟ್ಟೂದೇನು?" ಎಂದ. ಉಳಿದವರು ನಕ್ಕರು. ಮರುದಿನ ಅವರಲ್ಲಿ ಮೂರು ಮಂದಿ ಬರಲಿಲ್ಲ.

ಜೋಳದ ರೊಟ್ಟಿ ಹಂಚಿನ ಮೇಲೆ ಪೂರ್ತಿ ಬೇಯುವುದಿಲ್ಲ. ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಆಮೇಲೆ ಒಲೆಯ ಬಾಯಿಯಲ್ಲಿ ಕೆಂಡಕ್ಕೆ ಎದುರಾಗಿ ನಿಲ್ಲಿಸಬೇಕು. ಅಲ್ಲಿ ಅದು ಉಬ್ಬುತ್ತದೆ, ಅಂಚು ಗರಿಯಾಗುತ್ತದೆ. ಹೊಸ ಒಲೆಯ ಬಾಯಿಯಲ್ಲಿ ರೊಟ್ಟಿ ನಿಲ್ಲುವಷ್ಟು ಜಾಗವಿರಲಿಲ್ಲ. ಸಾಹೇಬರು ಅವ್ವನ ಹಂಚಿನ ಅಗಲ ಅಳೆದಿದ್ದರು. ಅವರ ಮನೆಯಲ್ಲಿ ಪೋಳಿ, ಅಂದರೆ ಗೋದಿಯ ಚಪಾತಿ. ತವೆಯ ಮೇಲೆ ಹುಟ್ಟಿ ತವೆಯ ಮೇಲೇ ಮುಗಿಯುವಂಥದ್ದು. ಹಂಚಿನಿಂದ ಇಳಿದ ಮೇಲೆ ರೊಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಲಿಲ್ಲ. ಅವರನ್ನು ಬಿಡಿ. ಹಲ್ಲು ಬಂದಾಗಿನಿಂದ ಅದೇ ರೊಟ್ಟಿ ತಿಂದ ನಾನು, ಆ ಸಣ್ಣ ಬಾಯಿಯ ನಾಲ್ಕೂ ಗೆರೆಗಳನ್ನು ಸ್ಕೇಲು ಇಟ್ಟು ಎಳೆದಿದ್ದೆ. ನನಗೂ ಹೊಳೆಯಲಿಲ್ಲ. ಇದನ್ನು ಮರೆತಂತೆ ನಟಿಸುವುದು ಸುಲಭ, ಅದಕ್ಕೇ ಬರೆದಿಡುತ್ತಿದ್ದೇನೆ.

ಅವ್ವ ಮೊದಲು ಕೆಂಡವನ್ನು ಇಕ್ಕಳದಿಂದ ಹೊರಗೆಳೆದು ರೊಟ್ಟಿ ಸುಟ್ಟಳು. ಹೊಗೆ ಮತ್ತೆ ಮೇಲೇರಿತು, ಮಾಲಕನ ಧ್ವನಿ ಕೆಳಗಿಳಿಯಿತು. ಆಗ ಅವಳು ಬಾಯಿ ಒಡೆದಳು. ಮೊದಲ ಸಲ ಭಾಳ ಅಗಲವಾಯಿತು. ಉರಿ ಮುಖಕ್ಕೇ ಬಂತು. ಮಣ್ಣು, ಬೂದಿ, ಹೊಟ್ಟು ಕಲಸಿ ಎರಡೂ ಬದಿ ತುಂಬಿದಳು, ಮತ್ತೆ ಕೆತ್ತಿದಳು. ಕೊನೆಗೆ ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ಸೈಕಲ್ಲಿನ ಕಡ್ಡಿಯೊಂದರಿಂದ ಬಾಯಿಗೆ ತೂಗುಬಿಟ್ಟಳು. ತಗಡು ಎತ್ತುವುದು, ರೊಟ್ಟಿಯನ್ನು ಕೆಂಡದೆದುರು ನಿಲ್ಲಿಸುವುದು, ತಗಡು ಬಿಡುವುದು. ರೊಟ್ಟಿ ಕೆಂಡಕ್ಕೂ ತಗಡಿಗೂ ನಡುವೆ ನಿಂತು ಎರಡೂ ಕಡೆ ಬೇಯುತ್ತಿತ್ತು. ಹೊಗೆ ಹೊರಗೆ ಬರುವ ದಾರಿ ಕಾಣದೆ ಚಿಮಣಿ ಹಿಡಿಯುತ್ತಿತ್ತು.

ಈಗ ಶುದ್ಧ ಇಂಧನದ ಸಭೆಗಳಲ್ಲಿ ತೋರಿಸುವ ಚಿತ್ರಗಳು ಗಾಳಿಯಂತ್ರದಿಂದಲೋ ಸೌರಫಲಕದಿಂದಲೋ ಶುರುವಾಗುತ್ತವೆ. ಗಾಳಿಯಂತ್ರದ ಮೇಲೆ ನನಗೆ ಜಗಳವಿಲ್ಲ. ಆ ಸಾಲಿನಲ್ಲಿ ಒಂದು ತಗಡಿನ ತುಂಡಿಗೂ ಜಾಗ ಬೇಕು ಎನ್ನುತ್ತೇನೆ, ಮತ್ತು ಕೈಕಟ್ಟಿ ಬೇಡುತ್ತಿಲ್ಲ.

ಸಾಹೇಬರು ತಕ್ಕಡಿ, ಥರ್ಮಾಮೀಟರು, ಅಲ್ಯುಮಿನಿಯಂ ಪಾತ್ರೆ ಹಿಡಿದು ಪರೀಕ್ಷೆಗೆ ಬಂದದ್ದು ದೀಪಾವಳಿಗೆ ಸ್ವಲ್ಪ ಮೊದಲು. ಒಲೆ ನೋಡಿ ನನ್ನ ಮುಖ ನೋಡಿದರು. ಗಾಳಿಯ ಲೆಕ್ಕವೆಲ್ಲ ಕೆಟ್ಟಿತು, ಬಾಯಿಯನ್ನು ಈಗಲೇ ಮುಚ್ಚಿಸುತ್ತೇನೆ, ಒಪ್ಪದಿದ್ದರೆ ಚಿಮಣಿಯ ಕೊಳವೆ ಬಿಚ್ಚಿಕೊಂಡು ಹೋಗಬೇಕಾಗುತ್ತದೆ ಎಂದರು. ಕೊಳವೆ ಹೋದರೆ ಮಾಲಕ ಬಿಡುವುದಿಲ್ಲ. ಬಾಯಿ ಮುಚ್ಚಿದರೆ ಗಿರಾಕಿ ಉಳಿಯುವುದಿಲ್ಲ. ಎರಡೂ ದಾರಿಯ ಕೊನೆಗೆ ಬೀಗ ಹಾಕಿದ ಖಾನಾವಳಿ. ಸಾಹೇಬರು ಪಾತ್ರೆಗೆ ನೀರು ಅಳೆಯುತ್ತಿದ್ದರು. ಒಲೆಯ ಪರೀಕ್ಷೆ ಎಂದರೆ ಎಷ್ಟು ಕಟ್ಟಿಗೆಗೆ ಎಷ್ಟು ನೀರು ಕುದಿಯಿತು ಎನ್ನುವುದು.

ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆ ದಿನ ಬೇಕೆಂದೇ ಕನ್ನಡದಲ್ಲಿ ನನಗೆ ಹೇಳಿದಳು.

"ನಿಮ್ಮ ಸಾಹೇಬರಿಗೆ ಹೇಳವಾ, ನಮ್ಮಲ್ಲಿ ಬರಾವ್ರು ಕುದಿಸಿದ ನೀರು ಉಂಡು ಹೋಗಾಂಗಿಲ್ಲ. ತೂಗೂದಿದ್ರ ರೊಟ್ಟಿ ಮ್ಯಾಲೆ ತೂಗಲಿ."

ಮೆತ್ತಗೆ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಮರಾಠಿಗೆ ತಂದೆ. ಪರೀಕ್ಷೆಗೆ ಒಂದು ಪದ್ಧತಿ ಇರುತ್ತದೆ ತಾಯೀ ಎಂದರು ಸಾಹೇಬರು.

"ನಂದೂ ಪದ್ಧತಿನ ಅದ. ಕಟಗಿ ತೂಗ್ರಿ, ಹಿಟ್ಟು ತೂಗ್ರಿ, ಅಲ್ಲಿ ಕುಂದರ್ರಿ," ಎಂದು ಅವ್ವ, ನಾನು ಮರಾಠಿಗೆ ತರುತ್ತಿದ್ದಂತೆ, ಗೋಣಿಚೀಲ ಹಾಸಿದಳು. "ಹೊರಗ ಮೂರು ಕಲ್ಲಿನ ಒಲಿನೂ ಹಚ್ತೀನಿ. ಅಷ್ಟ ಹಿಟ್ಟು, ಅದ ಕೈ. ಆಮ್ಯಾಲ ಕೊಳವಿ ಬಿಚ್ಚೂದಾದ್ರ ಬಿಚ್ರಿ."

ಅವರು ಕೂತರು. ಯಾಕೆ ಕೂತರೋ ಇಂದಿಗೂ ತಿಳಿಯದು. ಅವ್ವ ಹೊರಗಿನ ಒಲೆಯ ಮೇಲೆ ಬಡಿದಳು, ಒಳಗಿನದರ ಮೇಲೆ ಬಡಿದಳು. ಸಾಹೇಬರು ಉಳಿದ ಕಟ್ಟಿಗೆ ತೂಗಿದರು, ಕೆಂಡವನ್ನೂ ಆರಿಸಿ ತೂಗಿದರು. ಅವ್ವನ ಒಲೆ ಮೂರು ಕಲ್ಲಿನ ಒಲೆಗಿಂತ ಎಷ್ಟೋ ಕಡಿಮೆ ತಿಂದಿತ್ತು. ಸಾಹೇಬರು ಕಾಗದದ ಮೇಲೆ ಲೆಕ್ಕ ಹಾಕಿದ ಒಲೆಗಿಂತ ಹೆಚ್ಚು ತಿಂದಿತ್ತು. ಎರಡೂ ಅಂಕಿಗಳನ್ನು ಅವರು ವಹಿಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಂಡರು.

ಇದನ್ನು ನಾನು ಬಹಳ ವರ್ಷ ಬೇರೆ ಥರ ಹೇಳುತ್ತಿದ್ದೆ. ಸಾಹೇಬರು ಮೂರು ರೊಟ್ಟಿ ತಿಂದು ಅವ್ವನಿಗೆ ಕೈಮುಗಿದರು ಎನ್ನುತ್ತಿದ್ದೆ. ಕೇಳಿದವರಿಗೆ ಇಷ್ಟವಾಗುತ್ತಿತ್ತು. ಅವರು ತಿನ್ನಲಿಲ್ಲ. ತಮ್ಮ ಡಬ್ಬಿ ತೆಗೆದು ಪೋಳಿ ಭಾಜಿ ತಿಂದರು, ಕೈ ತೊಳೆದರು, ಕೊಳವೆ ಸದ್ಯಕ್ಕೆ ಇರಲಿ ಎಂದು ಹೇಳಿ ಲೋಕಲ್ ಹಿಡಿದರು. ಅಷ್ಟೇ. ಆ ಅಷ್ಟೇ ನಮಗೆ ಸಾಕಾಗಿತ್ತು.

ದೀಪಾವಳಿ ಬಂತು, ಹೋಯಿತು. ಮಾಲಕ ಬಾಗಿಲಲ್ಲಿ ನಿಂತು ಮೂಗು ಮೇಲೆತ್ತಿ ನೋಡಿದ. ಹೊಗೆ ಇರಲಿಲ್ಲ. ಮುಂದೆ ನೋಡೋಣ ಎಂದ. "ನೋಡ್ರಿ, ದಿನಾ ಬಂದು ನೋಡ್ರಿ. ನಾ ಇಲ್ಲೇ ಇರ್ತೀನಿ," ಎಂದಳು ಅವ್ವ, ತಲೆ ಎತ್ತದೆ. ಬಿಟ್ಟುಹೋಗಿದ್ದ ಮೂವರಲ್ಲಿ ಇಬ್ಬರು ತಿರುಗಿ ಬಂದರು. ಮೂರನೆಯವನು ಬರಲಿಲ್ಲ.

ಸಂಸಾರ ಸಮೇತ ಬಂದಿದ್ದ ಗೌಂಡಿಗಳ ಹೆಂಡಂದಿರು ಒಬ್ಬೊಬ್ಬರಾಗಿ ಬಂದು ಒಲೆಯ ಮುಂದೆ ಕೂತು, ಬಾಯಿಯೊಳಗೆ ಕೈ ಹಾಕಿ ನೋಡಿ ಹೋಗತೊಡಗಿದರು. ಬೇಸಿಗೆಯ ಹೊತ್ತಿಗೆ ಅವರ ಜೋಪಡಿಗಳ ಒಲೆಗಳಲ್ಲೂ ತಗಡುಗಳು ತೂಗುತ್ತಿದ್ದವು. ಸಾಹೇಬರು ಒಂದು ಭಾನುವಾರ ಬಂದು ನೋಡಿದರು. ಮರುದಿನ ನನ್ನನ್ನು ಕರೆದು ಹೊಸ ನಕ್ಷೆ ಮಾಡಬೇಕು, ಆ ಬಾಯಿಯ ಅಳತೆ ತೆಗೆದುಕೊಂಡು ಬಾ ಎಂದರು.

ನಾನು ಟೇಪು ಹಿಡಿದು ಹೋದೆ. ಒಂದೊಂದು ಮನೆಯ ಬಾಯಿ ಒಂದೊಂದು ಅಳತೆ. ಮುದ್ದೇಬಿಹಾಳದವರ ರೊಟ್ಟಿ ಅಗಲ, ಅವರ ಒಲೆಯ ಬಾಯಿಯೂ ಅಗಲ. ಒಬ್ಬ ಮುದುಕಿಯ ಕೈ ಸಣ್ಣದು, ರೊಟ್ಟಿ ಸಣ್ಣದು, ಬಾಯಿ ಸಣ್ಣದು. ಯಾರದ್ದು ಸರಿ ಎಂದು ಅವ್ವನನ್ನು ಕೇಳಿದೆ.

"ಉಣ್ಣಾವ್ರನ್ನ ಕೇಳು," ಎಂದಳು.

ನಕ್ಷೆಯಲ್ಲಿ ಅಳತೆಯ ಗೆರೆ ಎಳೆದು, ಎರಡೂ ತುದಿಗೆ ಬಾಣ ಹಾಕಿ, ಅಂಕಿ ಬರೆಯುವ ಜಾಗದಲ್ಲಿ ಮರಾಠಿಯಲ್ಲಿ, ನನ್ನ ಅತ್ಯಂತ ನೀಟಾದ ಅಕ್ಷರದಲ್ಲಿ, 'ಆ ಮನೆಯ ರೊಟ್ಟಿಯಷ್ಟು' ಎಂದು ಬರೆದೆ. ಸಾಹೇಬರು ಅದನ್ನು ಓದಿದರು. ನಕ್ಷೆಯಲ್ಲಿ ಹೀಗೆಲ್ಲ ಬರೆಯಲು ಬರುವುದಿಲ್ಲ, ದೆಹಲಿಯವರು ನಗುತ್ತಾರೆ, ಬ್ಲೇಡಿನಿಂದ ಅಕ್ಷರ ಹೆರೆದು ಒಂದು ಅಂಕಿ ಹಾಕು ಎಂದರು. ಮಸಿ ಒಣಗಿದೆ, ಹೆರೆದರೆ ಕಾಗದ ತೂತಾಗುತ್ತದೆ ಎಂದೆ. ಅದು ಸುಳ್ಳು, ನನ್ನಷ್ಟು ಹಗುರವಾಗಿ ಹೆರೆಯುವವರು ಆ ವರ್ಕ್‌ಶಾಪಿನಲ್ಲಿ ಬೇರೆ ಯಾರೂ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಬ್ಲೇಡನ್ನು ಅವರೇ ನನ್ನ ಮೇಜಿನ ಮೇಲೆ ಇಟ್ಟುಹೋದರು. ನಾನು ಬ್ಲೇಡು ಮುಟ್ಟದೆ, ಪೆನ್ನು ತೊಳೆದು, ಅದರ ಪಕ್ಕದಲ್ಲಿಟ್ಟು, ಮನೆಗೆ ಹೋದೆ.